ಮೂರು ಪೆಡಲ್, ಎರಡು ಗೇರ್, ಒಂದು ಬಟ್ಟೆ ಟಾಪು

ಐದನೇ ಸೆಮ್‌ನಲ್ಲಿ ಎಪಿಸೈಕ್ಲಿಕ್ ಗೇರ್ ಟ್ರೇನ್ ಪಾಠ ನಡೆದಾಗ ನಮ್ಮ ಬೆಂಚಿನ ನಾಲ್ವರಲ್ಲಿ ಒಬ್ಬರಿಗೂ ಅದು ತಲೆಗೆ ಹತ್ತಿರಲಿಲ್ಲ. ಟೇಬಲ್ ಹಾಕೋದು, ಆರ್ಮ್ ಫಿಕ್ಸ್ ಅಂತ ಬರೆಯೋದು, ಒಂದು ಸಾಲಿಗೆ ಎಕ್ಸ್, ಇನ್ನೊಂದಕ್ಕೆ ವೈ, ಕೊನೆಗೆ ಎರಡನ್ನೂ ಕೂಡಿಸೋದು. ಇಂಟರ್ನಲ್ಸ್‌ಗೆ ಬಾಯಿಪಾಠ ಮಾಡಿ ಬರೆದೆವು, ಮಾರನೇ ದಿನ ಮರೆತೆವು. ಅದು ನಿಜವಾಗಿ ಅರ್ಥವಾದದ್ದು ಒಂದು ಭಾನುವಾರ, ಬೆಂಗಳೂರಿನ ಹೊರವಲಯದ ಒಂದು ಶೆಡ್ಡಿನಲ್ಲಿ, ಕೈಗೆಲ್ಲ ಗ್ರೀಸ್ ಬಳಿದುಕೊಂಡು. ನಮ್ಮ ಗೆಳೆಯನೊಬ್ಬನ ತಾತನಿಗೆ ಪರಿಚಯದ ಹಿರಿಯರೊಬ್ಬರ ಹತ್ತಿರ ಫೋರ್ಡ್ ಮಾಡೆಲ್ ಟಿ ಟೂರಿಂಗ್ ಕಾರಿದೆ. ನೂರು ವರ್ಷದ ಹಳೇ ಗಾಡಿ, ಈಗಲೂ ಓಡುತ್ತೆ. ಅವರ ಹೆಸರು ಹಾಕಬೇಡಿ ಅಂದಿದ್ದಾರೆ. ಹಾಗಾಗಿ ಇಲ್ಲಿ ಅವರು ಬರೀ 'ಯಜಮಾನರು'.

ಮೊದಲು 'ಟೂರಿಂಗ್' ಅಂದರೆ ಏನು ಅಂತ ಹೇಳಿಬಿಡುತ್ತೇವೆ. ಹಿಂದೆ ಮುಂದೆ ಎರಡು ಸಾಲು ಸೀಟು, ಐದು ಜನ ಕೂರುವಷ್ಟು ಜಾಗ, ಮುಂದೆ ಒಂದು ಗಾಜು, ತಲೆಯ ಮೇಲೆ ಮಡಚಿಡಬಹುದಾದ ಬಟ್ಟೆ ಟಾಪು. ಪಕ್ಕಕ್ಕೆ ಗಾಜಿಲ್ಲ. ಮಳೆ ಬಂದರೆ ಸೀಟಿನಡಿಯಿಂದ ಪರದೆಗಳನ್ನು ತೆಗೆದು ಗುಂಡಿ ಹಾಕಿ ಕಟ್ಟಬೇಕು. ಅಷ್ಟು ಹೊತ್ತಿಗೆ ನೆನೆಯಬೇಕಾದವರೆಲ್ಲ ನೆನೆದಿರುತ್ತಾರೆ. ಇವತ್ತು ಇದನ್ನು ಶೋಕಿಯ ಗಾಡಿ ಅಂತ ನೋಡುತ್ತೇವೆ, ಆದರೆ ಆಗ ಇದೇ ಸಾಮಾನ್ಯರ ಕಾರು. ಮುಚ್ಚಿದ ಬಾಡಿ ಕಟ್ಟುವುದೆಂದರೆ ಹೆಚ್ಚು ಮರಗೆಲಸ, ಹೆಚ್ಚು ಗಾಜು, ಹೆಚ್ಚು ತೂಕ, ಹೆಚ್ಚು ದುಡ್ಡು. 1919ರಲ್ಲಿ ಅಮೆರಿಕದಲ್ಲಿ ಮಾರಾಟವಾದ ಕಾರುಗಳಲ್ಲಿ ಸುಮಾರು ಶೇ. 10 ಮಾತ್ರ ಮುಚ್ಚಿದವು. 1927ರ ಹೊತ್ತಿಗೆ ಅದೇ ಲೆಕ್ಕ ಶೇ. 85. ಎಂಟೇ ವರ್ಷದಲ್ಲಿ ತೆರೆದ ಕಾರು ಮೂಲೆ ಸೇರಿತು. ಜನ ಅದನ್ನು ಬಿಟ್ಟದ್ದು ಬೇಜಾರಿನಿಂದ ಅಲ್ಲ, ನೆನೆದು ನೆನೆದು ಸಾಕಾಗಿ, ಅನ್ನೋದು ನಮ್ಮ ಅಂದಾಜು.

ಮಾಡೆಲ್ ಟಿ ಶುರುವಾದದ್ದು 1908ರ ಅಕ್ಟೋಬರಿನಲ್ಲಿ, ನಿಂತದ್ದು 1927ರ ಮೇ ತಿಂಗಳಲ್ಲಿ. ಒಟ್ಟು ಒಂದೂವರೆ ಕೋಟಿಗೂ ಹೆಚ್ಚು ಗಾಡಿ. ಮೊದಲು 850 ಡಾಲರ್ ಇದ್ದ ಟೂರಿಂಗ್ 1925ರ ಹೊತ್ತಿಗೆ 290 ಡಾಲರಿಗೆ ಇಳಿದಿತ್ತು. ನಮ್ಮ ದೇಶಕ್ಕೆ ಬಂದ ಫೋರ್ಡ್‌ಗಳ ಕಥೆ ಸ್ವಲ್ಪ ಬೇರೆ. ಬ್ರಿಟನ್ ಬಿಟ್ಟು ಉಳಿದ ಬ್ರಿಟಿಷ್ ಸಾಮ್ರಾಜ್ಯಕ್ಕೆಲ್ಲ ಮಾರುವ ಹಕ್ಕು ಕೆನಡಾದ ಫೋರ್ಡ್ ಕಂಪನಿಯದಾಗಿತ್ತು. ಹಾಗಾಗಿ ಯಜಮಾನರ ಗಾಡಿಗೆ ಸ್ಟೀರಿಂಗ್ ಬಲಗಡೆ. ಅಮೆರಿಕದಲ್ಲಿ ಅದೇ ಕಾಲದ ಟೂರಿಂಗ್ ನೋಡಿದರೆ ಡ್ರೈವರ್ ಪಕ್ಕದಲ್ಲಿ ಬಾಗಿಲಿನ ಗೆರೆ ಮಾತ್ರ ತಗಡಿನ ಮೇಲೆ ಒತ್ತಿರುತ್ತೆ, ಬಾಗಿಲು ತೆರೆಯೋದಿಲ್ಲ! ಡ್ರೈವರ್ ಇನ್ನೊಂದು ಕಡೆಯಿಂದ ಹತ್ತಿ ಸರಿದು ಕೂರಬೇಕು, ಇಲ್ಲ ಲುಂಗಿ ಎತ್ತಿ ದಾಟಬೇಕು (ಅವರು ಲುಂಗಿ ಉಡುತ್ತಿರಲಿಲ್ಲ, ಗೊತ್ತು).

ಈಗ ಗೇರಿಗೆ ಬರೋಣ, ಯಾಕಂದರೆ ನಾವು ಬಿದ್ದದ್ದು ಅಲ್ಲೇ.

ಈ ಕಾರಿನಲ್ಲಿ ಮೂರು ಪೆಡಲ್ ಇವೆ. ನೋಡಿದ ತಕ್ಷಣ ಕ್ಲಚ್, ಬ್ರೇಕ್, ಆಕ್ಸಿಲರೇಟರ್ ಅಂದುಕೊಳ್ಳುತ್ತೀರಿ. ಆಕ್ಸಿಲರೇಟರ್ ಪೆಡಲ್ಲೇ ಇಲ್ಲ. ಎಡಗಡೆಯದು ಗೇರು, ನಡುವಿನದು ರಿವರ್ಸ್, ಬಲಗಡೆಯದು ಬ್ರೇಕು. ಥ್ರಾಟಲ್ ಇರುವುದು ಸ್ಟೀರಿಂಗ್ ಚಕ್ರದ ಕೆಳಗೆ, ಬೆರಳಲ್ಲಿ ಸರಿಸುವ ಒಂದು ಸಣ್ಣ ಲಿವರ್ ಆಗಿ. ಅದರ ಜೊತೆಗಾರ ಇನ್ನೊಂದು ಲಿವರ್, ಸ್ಪಾರ್ಕ್ ಯಾವಾಗ ಬರಬೇಕು ಅಂತ ಹೇಳೋದು. ಅಂದರೆ ಇವತ್ತು ಇಸಿಯು ಮಾಡುವ ಇಗ್ನಿಷನ್ ಟೈಮಿಂಗ್ ಕೆಲಸವನ್ನು ಅವತ್ತು ಡ್ರೈವರ್ ಕಿವಿಯಲ್ಲಿ ಕೇಳಿ, ಬೆರಳಲ್ಲಿ ಮಾಡುತ್ತಿದ್ದ.

ಎಡ ಪೆಡಲ್ ಪೂರ್ತಿ ಒತ್ತಿದರೆ ಲೋ ಗೇರ್, ಅರ್ಧ ಬಿಟ್ಟರೆ ನ್ಯೂಟ್ರಲ್, ಹ್ಯಾಂಡ್ ಲಿವರ್ ಮುಂದಿದ್ದು ಪೆಡಲ್ ಪೂರ್ತಿ ಬಿಟ್ಟರೆ ಹೈ ಗೇರ್. ನಮಗೆಲ್ಲ ಅಭ್ಯಾಸ ಏನು? ಗಾಬರಿಯಾದರೆ ಎಡಗಾಲು, ಬಲಗಾಲು ಎರಡನ್ನೂ ಒಟ್ಟಿಗೆ ಒತ್ತೋದು. ಇಲ್ಲಿ ಹಾಗೆ ಮಾಡಿದರೆ ಬ್ರೇಕ್ ಹಿಡಿಯುತ್ತೆ, ಅದರ ಜೊತೆಗೇ ಲೋ ಗೇರ್ ಗಾಡಿಯನ್ನು ಮುಂದಕ್ಕೆ ತಳ್ಳುತ್ತೆ. ಯಜಮಾನರು ನಮ್ಮಲ್ಲಿ ಯಾರಿಗೂ ರಸ್ತೆಯ ಮೇಲೆ ಓಡಿಸಲು ಕೊಡದಿದ್ದುದು ಇದಕ್ಕೇ. "ನಿಮಗೆ ಕಾರು ಓಡ್ಸೋಕೆ ಬರುತ್ತಲ್ಲ, ಅದೇ ಪ್ರಾಬ್ಲಮ್ಮು. ಏನೂ ಬರದೇ ಇದ್ದಿದ್ರೆ ಕಲಿಸ್ಬೋದಿತ್ತು" ಅಂದರು.

ಒಳಗಿನ ವ್ಯವಸ್ಥೆ ಹೀಗಿದೆ. ಫ್ಲೈವೀಲಿನ ಹಿಂಬದಿಯಲ್ಲಿ ಮೂರು ಪಿನ್ನುಗಳು. ಒಂದೊಂದು ಪಿನ್ನಿನ ಮೇಲೆ ಮೂರು ಗೇರುಗಳನ್ನು ಒಂದಕ್ಕೊಂದು ಬೆಸೆದ ಒಂದೊಂದು ಗುಂಪು, ಹಲ್ಲುಗಳು 27, 33, 24. ಇವೇ ಪ್ಲಾನೆಟ್‌ಗಳು. ನಡುವೆ ಒಂದೇ ಅಕ್ಷದ ಮೇಲೆ ಮೂರು ಸನ್ ಗೇರುಗಳು: ಚಕ್ರಗಳ ಕಡೆಗೆ ಹೋಗುವುದು 27 ಹಲ್ಲಿನದು, ಲೋ ಡ್ರಮ್ಮಿಗೆ ಸೇರಿದ್ದು 21, ರಿವರ್ಸ್ ಡ್ರಮ್ಮಿಗೆ ಸೇರಿದ್ದು 30. ಜೋಡಿಗಳನ್ನು ಕೂಡಿಸಿ ನೋಡಿ: 27+27, 33+21, 24+30. ಮೂರೂ 54. ಒಂದೇ ಪಿನ್ನಿನ ಮೇಲಿರುವ ಗೇರುಗಳಿಗೆ ಸೆಂಟರ್ ಡಿಸ್ಟೆನ್ಸ್ ಒಂದೇ ಇರಲೇಬೇಕಲ್ಲ! ಪುಸ್ತಕದ ಲೆಕ್ಕದಲ್ಲಿ ಈ ಮಾತನ್ನು ಎಷ್ಟೋ ಸಲ ಬರೆದಿದ್ದೆವು, ಆದರೆ ಕೈಯಲ್ಲಿ ಹಿಡಿದು ಹಲ್ಲು ಎಣಿಸಿದ್ದು ಅವತ್ತೇ. ಗಮನಿಸಿ, ಇಲ್ಲಿ ರಿಂಗ್ ಗೇರ್ ಇಲ್ಲವೇ ಇಲ್ಲ. ನಮ್ಮ ನೋಟ್ಸಿನ ಚಿತ್ರದಲ್ಲಿ ರಿಂಗ್ ಇಲ್ಲದ ಎಪಿಸೈಕ್ಲಿಕ್ ಒಂದೂ ಇರಲಿಲ್ಲ.

ಎಡ ಪೆಡಲ್ ಒತ್ತಿದಾಗ ಒಂದು ಬ್ಯಾಂಡ್ ಲೋ ಡ್ರಮ್ಮನ್ನು ಬಿಗಿದು ನಿಲ್ಲಿಸುತ್ತೆ. ಆಗ 21 ಹಲ್ಲಿನ ಗೇರ್ ಫಿಕ್ಸ್. ಫ್ಲೈವೀಲ್, ಅಂದರೆ ಆರ್ಮ್, ಒಂದು ಸುತ್ತು ಬಂದರೆ ಔಟ್‌ಪುಟ್ ಎಷ್ಟು ತಿರುಗುತ್ತೆ? 1 − (21/33) × (27/27) = 0.364. ಅಂದರೆ 2.75 ಸುತ್ತಿಗೆ ಒಂದು ಸುತ್ತು. ಈಗ ನಡುವಿನ ಪೆಡಲ್ ಒತ್ತಿ, 30 ಹಲ್ಲಿನ ಗೇರನ್ನು ಫಿಕ್ಸ್ ಮಾಡಿ: 1 − (30/24) × (27/27) = −0.25. ಮೈನಸ್ ಬಂತು ನೋಡಿ, ಗಾಡಿ ಹಿಂದಕ್ಕೆ, ಅದೂ 4ಕ್ಕೆ ಒಂದು. ಎರಡೂ ಬ್ಯಾಂಡ್ ಬಿಟ್ಟು ಡಿಸ್ಕ್ ಕ್ಲಚ್ ಹಿಡಿಸಿದರೆ ಇಡೀ ಗುಂಪು ಒಂದೇ ಗಟ್ಟಿಯಾಗಿ ತಿರುಗುತ್ತೆ, ನೇರ 1:1. ಹಲ್ಲಿಗೆ ಹಲ್ಲು ಬಡಿಯುವ ಪ್ರಶ್ನೆಯೇ ಇಲ್ಲ, ಎಲ್ಲ ಗೇರುಗಳೂ ಸದಾ ಕೂಡಿಕೊಂಡೇ ಇರುತ್ತವೆ. ಇವತ್ತಿನ ಆಟೋಮ್ಯಾಟಿಕ್ ಗೇರ್‌ಬಾಕ್ಸಿನಲ್ಲೂ ಪ್ಲಾನೆಟರಿ ಸೆಟ್ಟುಗಳೇ ಇರೋದು. ಯಾವುದನ್ನು ಯಾವಾಗ ಹಿಡಿಯಬೇಕು ಅನ್ನೋದನ್ನು ಅಲ್ಲಿ ಎಣ್ಣೆಯ ಒತ್ತಡ, ಕಂಪ್ಯೂಟರ್ ನೋಡಿಕೊಳ್ಳುತ್ತವೆ. ಇಲ್ಲಿ ನಿಮ್ಮ ಕಾಲು.

ಮೈನಸ್ 0.25ರ ಜೊತೆ ಇನ್ನೊಂದು ಹಳೇ ಕಥೆ ಬಿಚ್ಚಿಕೊಂಡಿತು. ಮಾಡೆಲ್ ಟಿ ಕಡಿದಾದ ಏರನ್ನು ಹಿಮ್ಮುಖವಾಗಿ ಹತ್ತುತ್ತಿತ್ತು ಅಂತ ಎಲ್ಲೋ ಕೇಳಿದ್ದೆವು, ತಮಾಷೆ ಅಂದುಕೊಂಡಿದ್ದೆವು. ನಿಜವೇ. ಒಂದು ಕಾರಣ ಈಗ ನೋಡಿದ್ದೇ, ಲೋ ಗೇರಿಗಿಂತ ರಿವರ್ಸಿನಲ್ಲಿ ಟಾರ್ಕ್ ಹೆಚ್ಚು. ಇನ್ನೊಂದು, ಪೆಟ್ರೋಲ್ ಟ್ಯಾಂಕು ಇರುವುದು ಮುಂದಿನ ಸೀಟಿನಡಿ, ಪಂಪ್ ಇಲ್ಲ, ಇಳಿಜಾರಿನಲ್ಲಿ ನೀರು ಹರಿದ ಹಾಗೆ ಪೆಟ್ರೋಲು ಕಾರ್ಬ್ಯುರೇಟರಿಗೆ ಹರಿಯಬೇಕು. ಮೂತಿ ಮೇಲೆ ಮಾಡಿ ಏರು ಹತ್ತಿದರೆ, ಟ್ಯಾಂಕಿನಲ್ಲಿ ಎಣ್ಣೆ ಕಡಿಮೆ ಇದ್ದರೆ, ಹರಿಯೋದು ನಿಲ್ಲುತ್ತೆ. ತಿರುಗಿಸಿ ಹಿಂದಕ್ಕೆ ಹತ್ತಿಸಿದರೆ ಸರಿಹೋಗುತ್ತೆ. ಪೆಟ್ರೋಲ್ ಎಷ್ಟಿದೆ ಅಂತ ನೋಡಬೇಕಾದರೂ ಕೂತವರನ್ನು ಎಬ್ಬಿಸಿ, ಕುಶನ್ ತೆಗೆದು, ಕಡ್ಡಿ ಅದ್ದಬೇಕು.

ಎಂಜಿನ್ನಿನ ಲೆಕ್ಕ ಬೇಗ ಮುಗಿಸುತ್ತೇವೆ. ನಾಲ್ಕು ಸಿಲಿಂಡರ್, ಸೈಡ್ ವಾಲ್ವ್, ಸುಮಾರು 2,900 ಸಿಸಿ, 1,600 ಆರ್‌ಪಿಎಂನಲ್ಲಿ 20 ಎಚ್‌ಪಿ. ಇವತ್ತಿನ 1,200 ಸಿಸಿ ಕಾರುಗಳು 80ರಿಂದ 90 ಕೊಡುತ್ತವೆ. ನಗಬೇಡಿ, ಕಂಪ್ರೆಷನ್ ರೇಷಿಯೋ ನೋಡಿ: ಹೆಚ್ಚುಕಡಿಮೆ 4. ಆಟೋ ಸೈಕಲ್ ಸೂತ್ರಕ್ಕೆ ಹಾಕಿದರೆ ಏರ್ ಸ್ಟ್ಯಾಂಡರ್ಡ್ ಎಫಿಶಿಯನ್ಸಿ ಶೇ. 42.6, ರೇಷಿಯೋ 10 ಆದರೆ ಶೇ. 60.2. ಅವತ್ತಿನ ಪೆಟ್ರೋಲಿಗೆ 10 ಕೊಟ್ಟಿದ್ದರೆ ಎಂಜಿನ್ ನಾಕ್ ಆಗಿ ಹಾಳಾಗುತ್ತಿತ್ತು. ವೇಗದ ಲೆಕ್ಕವೂ ಸರಳ. ಹಿಂದಿನ ಆಕ್ಸಲ್ ರೇಷಿಯೋ 3.64, ಟಯರಿನ ವ್ಯಾಸ 30 ಇಂಚು. 1,600 ಆರ್‌ಪಿಎಂಗೆ ಗಂಟೆಗೆ 63 ಕಿ.ಮೀ. ಬರುತ್ತೆ, ನೀವೇ ಹಾಕಿ ನೋಡಿ.

ನೀರಿಗೆ ಪಂಪಿಲ್ಲ. ಬಿಸಿನೀರು ಮೇಲೇರುತ್ತೆ, ತಣ್ಣೀರು ಕೆಳಗಿಳಿಯುತ್ತೆ, ಥರ್ಮೋಸೈಫನ್, ಅಷ್ಟೇ. ಆಯಿಲ್‌ಗೂ ಪಂಪಿಲ್ಲ. ತಿರುಗುವ ಫ್ಲೈವೀಲ್ ಎಣ್ಣೆಯನ್ನು ಎತ್ತಿ ಎರಚುತ್ತೆ, ಅದರಲ್ಲಿ ಸ್ವಲ್ಪ ಒಂದು ಕೊಳವೆಗೆ ಬಿದ್ದು ಮುಂದಕ್ಕೆ ಹರಿಯುತ್ತೆ. ಇದೇ ಫ್ಲೈವೀಲಿನ ಇನ್ನೊಂದು ಮುಖದಲ್ಲಿ 16 ಅಯಸ್ಕಾಂತಗಳು, ಎದುರಿಗೆ ಕದಲದ 16 ಕಾಯಿಲುಗಳು: ಅದೇ ಮ್ಯಾಗ್ನೆಟೊ. ಒಂದು ಚಕ್ರ ವಿದ್ಯುತ್ತನ್ನೂ ಹುಟ್ಟಿಸುತ್ತೆ, ಗೇರುಗಳನ್ನೂ ಹೊರುತ್ತೆ, ಎಣ್ಣೆಯನ್ನೂ ಎರಚುತ್ತೆ. ಜೋಸೆಫ್ ಗಲಂಬ್, ಚೈಲ್ಡ್ ಹೆರಾಲ್ಡ್ ವಿಲ್ಸ್ ಮುಂತಾದವರ ತಂಡ ಇದನ್ನು ಡಿಸೈನ್ ಮಾಡುವಾಗ ಒಂದೊಂದು ಭಾಗದಿಂದ ಎಷ್ಟು ಕೆಲಸ ತೆಗೆಯಬಹುದು ಅಂತ ಕೂತು ಯೋಚಿಸಿದ ಹಾಗಿದೆ. ಕಡಿಮೆ ತೂಕದಲ್ಲಿ ಹೆಚ್ಚು ಗಟ್ಟಿ ಬರಲಿ ಅಂತ ವೆನೇಡಿಯಂ ಸ್ಟೀಲ್ ಹಾಕಿದ್ದೂ ಅದೇ ಲೆಕ್ಕಾಚಾರ.

ಸ್ಟಾರ್ಟ್ ಮಾಡೋದನ್ನು ಮಾತ್ರ ನೋಡಲೇಬೇಕು. 1919ರಿಂದ ಎಲೆಕ್ಟ್ರಿಕ್ ಸ್ಟಾರ್ಟರ್ ಬಂತು, ಆದರೂ ಯಜಮಾನರು ನಮಗೋಸ್ಕರ ಹ್ಯಾಂಡಲ್ ಹೊಡೆದು ತೋರಿಸಿದರು. ಮೊದಲು ಹ್ಯಾಂಡ್ ಬ್ರೇಕ್ ಹಿಂದಕ್ಕೆ ಎಳೆದರು. ಸ್ಪಾರ್ಕ್ ಲಿವರನ್ನು ತಡವಾಗಿ ಸ್ಪಾರ್ಕ್ ಬರುವ ಕಡೆಗೆ ಸರಿಸಿದರು. ರೇಡಿಯೇಟರಿನ ಪಕ್ಕದ ತಂತಿ ಎಳೆದು ಚೋಕ್ ಕೊಟ್ಟರು. ಆಮೇಲೆ ಹ್ಯಾಂಡಲ್ ಹಿಡಿಯುವ ರೀತಿ. ಹೆಬ್ಬೆರಳು ಹಿಡಿಯ ಸುತ್ತ ಮಡಚಬಾರದು, ಉಳಿದ ಬೆರಳುಗಳ ಪಕ್ಕದಲ್ಲೇ ಇರಬೇಕು. ಕೆಳಗಿನಿಂದ ಮೇಲಕ್ಕೆ ಎಳೆಯಬೇಕು, ಮೇಲಿಂದ ಕೆಳಕ್ಕೆ ಒತ್ತಬಾರದು. ಸ್ಪಾರ್ಕ್ ಮುಂಚೆ ಬಂದು ಎಂಜಿನ್ ಹಿಮ್ಮುಖ ಒದ್ದರೆ ಮಣಿಕಟ್ಟು ಮುರಿಯುತ್ತೆ. ಪಿಸ್ಟನ್ ಮೇಲಿನ ತುದಿ ಮುಟ್ಟುವ ಮೊದಲೇ ಉರಿ ಹತ್ತಿದರೆ ಏನಾಗುತ್ತೆ ಅನ್ನೋ ವೈವಾ ಪ್ರಶ್ನೆಗೆ ಇದಕ್ಕಿಂತ ಒಳ್ಳೇ ಉತ್ತರ ಇಲ್ಲ. ಕೀ ತಿರುಗಿಸಿದಾಗ ಮರದ ಪೆಟ್ಟಿಗೆಯೊಳಗಿನ ಕಾಯಿಲು ಜೇನುಹುಳದ ಹಾಗೆ ಝೇಂಕರಿಸಿತು. ಸಿಲಿಂಡರಿಗೊಂದರಂತೆ ಒಟ್ಟು ನಾಲ್ಕು. ಮೂರನೇ ಎಳೆತಕ್ಕೆ ಗಾಡಿ ಎದ್ದಿತು. ಇಡೀ ತಗಡು ಅಲುಗಾಡತೊಡಗಿತು, ಮಡ್‌ಗಾರ್ಡು ಒಂದು ತಾಳ, ದೀಪ ಇನ್ನೊಂದು ತಾಳ.

ಹಿಂದಿನ ಸೀಟಿನಲ್ಲಿ ಕೂತು ಹಳ್ಳಿ ರಸ್ತೆಯಲ್ಲಿ ಒಂದು ಸುತ್ತು ಬಂದೆವು. ಗಂಟೆಗೆ ಮೂವತ್ತು ಕಿಲೋಮೀಟರ್ ಇದ್ದಿರಬೇಕು, ಎಂಬತ್ತರ ಹಾಗೆ ಅನಿಸಿತು. ಎತ್ತರದ ಸೀಟು, ಕಾಲೇಜು ಬಸ್ಸಿನ ಕಿಟಕಿಯಿಂದ ಕಾಣುವುದಕ್ಕಿಂತ ಬೇರೆಯೇ ಊರು. ಹೊಲದಲ್ಲಿ ಸುಟ್ಟ ಕಸದ ವಾಸನೆ, ಯಾರದೋ ಮನೆಯ ಒಗ್ಗರಣೆ, ಬಿಸಿ ಎಣ್ಣೆಯ ವಾಸನೆ ಎಲ್ಲ ಒಟ್ಟಿಗೆ. ದಾರಿಯಲ್ಲಿ ನಿಂತ ಅಜ್ಜಿಯೊಬ್ಬರು "ಯಾರ್ ಮದ್ವೆಗೆ?" ಅಂತ ಕೂಗಿ ಕೇಳಿದರು, ನಾವು ಕೂಗಿ ಉತ್ತರ ಹೇಳಿದೆವು. ಗಾಜು ಏರಿಸಿದ ಎಸಿ ಕಾರಿನಲ್ಲಿ ಹೋಗಿದ್ದರೆ ಆ ಮಾತೇ ಹುಟ್ಟುತ್ತಿರಲಿಲ್ಲ.

ಆದರೆ ಬರೀ ಹೊಗಳಿ ಬಿಡುವುದು ನಮ್ಮಿಂದಾಗದು. ನಿಮ್ಮ ಕುಂಡೆಯ ಕೆಳಗೇ ಪೆಟ್ರೋಲ್ ಟ್ಯಾಂಕು, ಸೀಟ್ ಬೆಲ್ಟ್ ಇಲ್ಲ, ಬ್ರೇಕ್ ಪೆಡಲ್ ಹಿಡಿಯುವುದು ಚಕ್ರಗಳನ್ನಲ್ಲ, ಗೇರ್‌ಬಾಕ್ಸಿನೊಳಗಿನ ಒಂದು ಡ್ರಮ್ಮನ್ನು. ಈ ಗಾಡಿ ಅಗ್ಗವಾದದ್ದೂ ಪುಕ್ಕಟೆಯಾಗಿ ಅಲ್ಲ. 1913ರಲ್ಲಿ ಹೈಲೆಂಡ್ ಪಾರ್ಕ್ ಕಾರ್ಖಾನೆಯಲ್ಲಿ ಚಲಿಸುವ ಅಸೆಂಬ್ಲಿ ಲೈನ್ ಬಂದ ಮೇಲೆ ಒಂದು ಚಾಸಿ ಜೋಡಿಸುವ ಸಮಯ ಹನ್ನೆರಡೂವರೆ ಗಂಟೆಯಿಂದ 93 ನಿಮಿಷಕ್ಕೆ ಇಳಿಯಿತು. ಅದೇ ವರ್ಷ ಕೆಲಸ ಬಿಟ್ಟುಹೋಗುವವರ ಪ್ರಮಾಣ ಶೇ. 370 ಮುಟ್ಟಿತ್ತು. ಅಂದರೆ ಒಂದು ಜಾಗಕ್ಕೆ ವರ್ಷದಲ್ಲಿ ಮೂರು ನಾಲ್ಕು ಜನ ಬಂದು ಹೋಗುತ್ತಿದ್ದರು. ದಿನವಿಡೀ ಒಂದೇ ನಟ್ಟು ಬಿಗಿಯೋದು ಯಾರಿಗೆ ಬೇಕು? 1914ರ ಜನವರಿಯಲ್ಲಿ ಫೋರ್ಡ್ ದಿನಕ್ಕೆ 5 ಡಾಲರ್ ಘೋಷಿಸಿದ್ದು ಬರೀ ಔದಾರ್ಯದಿಂದ ಅಲ್ಲ, ಜನ ನಿಲ್ಲಲಿ ಅಂತಲೂ ಹೌದು. ಜೋಡಿಸಿದವನಿಗೆ ಬೇಸರ ತಂದ ಕಾರನ್ನು ಇವತ್ತು ಒಬ್ಬ ಮನುಷ್ಯ ವರ್ಷಗಟ್ಟಲೆ ಖುಷಿಯಿಂದ ಬಿಚ್ಚಿ ಜೋಡಿಸುತ್ತಾನೆ ಅನ್ನೋದು ವಿಚಿತ್ರವೇ.

ಯಜಮಾನರಿಗೆ ಹಾಗೆ ಹಿಡಿದದ್ದು ಏಳು ವರ್ಷ. ಬಾಡಿಯ ಮರದ ಚೌಕಟ್ಟನ್ನು ಗೆದ್ದಲು ತಿಂದಿತ್ತು, ಊರಿನ ಬಡಗಿಯಿಂದ ತೇಗದಲ್ಲಿ ಹೊಸದು ಮಾಡಿಸಿದರು. ಟಾಪಿನ ಬಟ್ಟೆ ಹೊಸದು. ಗೇರ್ ಬ್ಯಾಂಡುಗಳ ಹತ್ತಿಯ ಪಟ್ಟಿ ತೆಗೆದು ಕೆವ್ಲಾರ್ ಹಾಕಿದರು, ಯಾಕಂದರೆ ಸವೆದ ಹತ್ತಿಯ ನೂಲು ಎಣ್ಣೆಯಲ್ಲಿ ಸೇರಿ ಆ ಒಂದೇ ಒಂದು ಕೊಳವೆಯನ್ನು ಕಟ್ಟಿಬಿಡುತ್ತೆ. ಕಾರ್ಬ್ಯುರೇಟರಿನ ಫ್ಲೋಟು ಬೆಂಡಿನದು, ಅದಕ್ಕೆ ಅರಗಿನ ಲೇಪ. ಅರಗು ಆಲ್ಕೋಹಾಲಿನಲ್ಲಿ ಕರಗುತ್ತೆ, ಬಂಕಿನಲ್ಲಿ ಈಗ ಸಿಗೋದು ಇ20 ಪೆಟ್ರೋಲು. ಹಾಗಾಗಿ ಫ್ಲೋಟೂ ಬದಲು. ಹಾಗಾದರೆ ಹಳೇದು ಉಳಿದಿದ್ದೇನು ಅಂತ ಕೇಳಿದೆವು. ಎಂಜಿನ್ ಬ್ಲಾಕು, ಆಕ್ಸಲ್ಲುಗಳು, ಗೇರುಗಳು, ಚಾಸಿ. "ಮತ್ತೆ ಇದು ಅದೇ ಕಾರಾ ಸರ್?" ಅಂದ ನಮ್ಮವನೊಬ್ಬ. ಯಜಮಾನರು ಸಿಟ್ಟಾಗಲಿಲ್ಲ. "ರಿಪೇರಿ ಆಗ್ತಾ ಆಗ್ತಾನೇ ಓಡೋಕೆ ಮಾಡಿರೋ ಗಾಡಿ ಕಣಪ್ಪ ಇದು. ಬಿಚ್ಚದೇ ಇಟ್ಟಿದ್ರೆ ಸಾಯ್ತಿತ್ತು" ಅಂದರು. ಮಿರಮಿರ ಹೊಳೆಯುವ ಬಣ್ಣ ಮಾತ್ರ ನಮಗೆ ಸ್ವಲ್ಪ ಜಾಸ್ತಿ ಅನಿಸಿತು. ಕಾರ್ಖಾನೆಯಿಂದ ಬಂದ ದಿನವೂ ಇಷ್ಟು ಹೊಳೆದಿರಲಿಕ್ಕಿಲ್ಲ.

ನಮ್ಮೊಳಗೇ ಜಗಳ ಬಿದ್ದದ್ದು ಹಿಂದಿನ ಆಕ್ಸಲ್ಲಿನ ವಿಷಯಕ್ಕೆ. ಅದರೊಳಗಿನ ಥ್ರಸ್ಟ್ ವಾಷರುಗಳು ಮೂಲತಃ ವೈಟ್ ಮೆಟಲಿನವು, ಅಂದರೆ ಬ್ಯಾಬಿಟ್. ಹಳೇದಾದ ಮೇಲೆ ಬಿರುಕು ಬಿಟ್ಟು ಪುಡಿಯಾಗುತ್ತವೆ. ಆಗ ಕ್ರೌನ್ ಗೇರು ಪಕ್ಕಕ್ಕೆ ಸರಿದು ಪಿನಿಯನ್ನಿನ ಹಲ್ಲಿನಿಂದ ಬಿಟ್ಟುಕೊಳ್ಳುತ್ತೆ. ಬ್ರೇಕ್ ಗೇರ್‌ಬಾಕ್ಸಿನಲ್ಲಿದೆ ಅಂತ ಹೇಳಿದೆವಲ್ಲ, ಗೇರ್‌ಬಾಕ್ಸಿಗೂ ಚಕ್ರಕ್ಕೂ ನಂಟೇ ತಪ್ಪಿದರೆ ಪೆಡಲ್ ಎಷ್ಟು ಒತ್ತಿದರೂ ಚಕ್ರಕ್ಕೆ ತಿಳಿಯೋದಿಲ್ಲ. ಗಾಡಿ ತಂದ ಮೊದಲ ವರ್ಷ ಯಜಮಾನರಿಗೆ ಒಂದು ಇಳಿಜಾರಿನಲ್ಲಿ ಇದೇ ಆಯಿತು. ಹಿಂದಿನ ಸೀಟಿನಲ್ಲಿ ಮೊಮ್ಮಗಳಿದ್ದಳು. ಹಿಂಚಕ್ರದ ಹ್ಯಾಂಡ್ ಬ್ರೇಕ್ ಎಳೆದರು, ಅದು ನಿಲ್ಲಿಸಿಡಲು ಇರುವ ಬ್ರೇಕು, ಓಡುವ ಗಾಡಿಗೆ ಸಾಲದು. ಕೊನೆಗೆ ಮಣ್ಣಿನ ದಿಬ್ಬಕ್ಕೆ ಹತ್ತಿಸಿ ನಿಲ್ಲಿಸಿದರು. ಯಾರಿಗೂ ಏನೂ ಆಗಲಿಲ್ಲ. ಆರು ತಿಂಗಳು ಗಾಡಿ ಮುಟ್ಟಲಿಲ್ಲವಂತೆ. ಆಮೇಲೆ ಕಂಚಿನ ವಾಷರ್ ಹಾಕಿಸಿದರು, ಹಿಂದಿನ ಚಕ್ರಗಳಿಗೆ ಹೆಚ್ಚುವರಿ ಬ್ರೇಕನ್ನೂ ಕೂರಿಸಿದರು.

ನಮ್ಮಲ್ಲಿ ಇಬ್ಬರು, ಹೆಚ್ಚುವರಿ ಬ್ರೇಕ್ ಹಾಕಿದ ಮೇಲೆ ಅದು ಮಾಡೆಲ್ ಟಿ ಅಲ್ಲ, ಆ ಕಾಲದ ಎಂಜಿನಿಯರಿಂಗ್ ಹೇಗಿತ್ತೋ ಹಾಗೇ ತೋರಿಸಬೇಕು, ಅಪಾಯ ಇದ್ದರೆ ಮ್ಯೂಸಿಯಮ್ಮಿನಲ್ಲಿ ನಿಲ್ಲಿಸಿ ಅಂದರು. ಶ್ರೀರಂಗಪಟ್ಟಣದ ಹತ್ತಿರದ 'ಪಯಣ'ದಲ್ಲಿ, ಧರ್ಮಸ್ಥಳದ ಮಂಜೂಷಾದಲ್ಲಿ ಹಳೇ ಕಾರುಗಳನ್ನು ಹಾಗೆ ನಿಲ್ಲಿಸಿ ಕಾಪಾಡಿಲ್ಲವೇ ಅನ್ನೋದು ಅವರ ವಾದ. ಉಳಿದ ಇಬ್ಬರು, ನಿಂತ ಕಾರಿನಲ್ಲಿ 27, 33, 24 ಎಲ್ಲಿ ಕಾಣುತ್ತೆ, ಕಾಯಿಲಿನ ಝೇಂಕಾರ ಎಲ್ಲಿ ಕೇಳುತ್ತೆ ಅಂದರು. ವಾಪಸ್ ಬರುವಾಗ ಬಸ್ಸಿನಲ್ಲೂ ಮುಗಿಯಲಿಲ್ಲ. ಕೊನೆಗೆ ನಾವು ಒಪ್ಪಿದ್ದು ಇಷ್ಟು: ಓಡುವ ಗಾಡಿಯಾದರೆ, ಇನ್ನೊಬ್ಬರ ರಸ್ತೆಯಲ್ಲಿ ಓಡುವುದಾದರೆ, ಬ್ರೇಕಿನ ವಿಷಯದಲ್ಲಿ ಇತಿಹಾಸಕ್ಕೆ ರಿಯಾಯಿತಿ ಇಲ್ಲ. ತೆಗೆದ ಹಳೇ ವಾಷರನ್ನು ಬಿಸಾಡದೆ, ಏನು ಬದಲಾಯಿಸಿದೆವು ಅಂತ ಬರೆದಿಡಬೇಕು. ಯಜಮಾನರು ಬರೆದಿಟ್ಟಿದ್ದಾರೆ, ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ, ಚೀಲದಲ್ಲಿ ಆ ವಾಷರಿನ ಪುಡಿ ಸಮೇತ.

ಬರೆದಿಡಲು ಆಗದ ಒಂದು ಸಂಗತಿ ಮಾತ್ರ ಇದೆ. ಎಂಜಿನ್ನಿನ ಮೇನ್ ಬೇರಿಂಗುಗಳು ಅಂಗಡಿಯಲ್ಲಿ ಸಿಗುವ ಶೆಲ್ ಅಲ್ಲ. ತವರ, ಆಂಟಿಮನಿ, ತಾಮ್ರ ಸೇರಿದ ವೈಟ್ ಮೆಟಲನ್ನು ಕರಗಿಸಿ ನೇರವಾಗಿ ಬ್ಲಾಕಿಗೇ ಎರಕ ಹೊಯ್ಯಬೇಕು. ಆಮೇಲೆ ಕ್ರ್ಯಾಂಕಿಗೆ ನೀಲಿ ಬಳಿದು, ಕೂರಿಸಿ ತಿರುಗಿಸಿ, ಎಲ್ಲಿ ನೀಲಿ ಹತ್ತಿತೋ ಅಲ್ಲಿ ಮಾತ್ರ ಸ್ಕ್ರೇಪರಿನಲ್ಲಿ ಕೆರೆದು, ಮತ್ತೆ ಕೂರಿಸಿ, ಮತ್ತೆ ಕೆರೆದು... ಯಜಮಾನರ ಬ್ಲಾಕಿಗೆ ಇದನ್ನು ಮಾಡಿದ ಮೇಸ್ತ್ರಿಗೆ ಎಪ್ಪತ್ತು ದಾಟಿದೆ. ಹಿಂದೆ ಲಾರಿ ಎಂಜಿನ್ನುಗಳಿಗೆ ಮಾಡುತ್ತಿದ್ದರಂತೆ. ಶೆಲ್ ಬೇರಿಂಗ್ ಬಂದ ಮೇಲೆ ಕೆಲಸ ನಿಂತಿತು, ಮಕ್ಕಳು ಬೇರೆ ಕೆಲಸ ಹಿಡಿದರು. ಬ್ಲಾಕು ಎಷ್ಟು ಬಿಸಿಯಾಗಿರಬೇಕು ಅಂತ ಕೇಳಿದರೆ ಅವರು ಡಿಗ್ರಿ ಹೇಳಲಿಲ್ಲ, ಅಂಗೈಯನ್ನು ಹತ್ತಿರ ತಂದು ತೋರಿಸಿದರು. ನಾವು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡೆವು. ಅಂಗೈಗೆ ಏನು ತಿಳಿಯಿತು ಅನ್ನೋದು ವಿಡಿಯೋದಲ್ಲಿ ಬರಲಿಲ್ಲ.

ಈಗ ನಮ್ಮಲ್ಲೊಬ್ಬ ಶನಿವಾರ ಮಧ್ಯಾಹ್ನ ಅವರ ಹತ್ತಿರ ಹೋಗುತ್ತಿದ್ದಾನೆ. ಒಂದು ಗುಜರಿ ಬೇರಿಂಗ್ ಕ್ಯಾಪಿನ ಮೇಲೆ ಮೊದಲ ಎರಕ ಹೊಯ್ದದ್ದು ಹೋದ ತಿಂಗಳು. ತಣ್ಣಗಾದ ಮೇಲೆ ಮೇಸ್ತ್ರಿ ಸುತ್ತಿಗೆಯ ಹಿಂಬದಿಯಿಂದ ಮೆಲ್ಲಗೆ ತಟ್ಟಿ, ಸದ್ದು ಕೇಳಿ, "ಅಂಟಿಲ್ಲ. ಕರಗ್ಸು" ಅಂದರು. ಎರಡನೆಯದನ್ನೂ ಕರಗಿಸಿಯಾಯಿತು. ಈ ಶನಿವಾರ ಮೂರನೆಯದು.